ಬೇಸಿಗೆಯಲ್ಲಷ್ಟೇ ಸಿಕ್ಕಿಕೊಳ್ಳುವ ಕೀಗಳು

ನಿಮ್ಮ ಬಳಿಯಿರುವುದು ಡೆಟ್ರಾಯ್ಟ್‌ನ ಸೋಲ್ (soul) ಸಂಗೀತ ನಿರ್ಮಾಪಕರೊಬ್ಬರ ಹಳೇ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ) ಪಿಯಾನೋ, ಬೇಸಿಗೆಯಲ್ಲಿ ಅದರ ನಾಲ್ಕೈದು ಕೀ ಒತ್ತಿದಲ್ಲೇ ಕೂರುತ್ತವೆ, ಚಳಿಗಾಲದಲ್ಲಿ ಶ್ರುತಿ ಇಳಿಯುತ್ತದೆ ಅಂದಿದ್ದೀರಿ, ಪೂರ್ತಿ ದುರಸ್ತಿ ಬೇಕೇ ಎಂದೂ ಕೇಳಿದ್ದೀರಿ. ಇದು ಬಹುಮಟ್ಟಿಗೆ ತೇವದ ಕಾಟ. ಸೆಕೆಗೆ ಮರ, ಫೆಲ್ಟ್ (ಒತ್ತಿದ ಉಣ್ಣೆಯ ಬಟ್ಟೆ) ಊದುತ್ತವೆ, ಹೀಟರ್ ಶುರುವಾದರೆ ಒಣಗಿ ಕುಗ್ಗುತ್ತವೆ.

ಮೊದಲು ಪಕ್ಕದಲ್ಲೊಂದು ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವ ಸಾಧನ) ಇಟ್ಟು ಎರಡು ವಾರ ಬರೆದಿಡಿ. ತೇವ 40ರಿಂದ 50% ಒಳಗೆ ನಿಂತರೆ ಅರ್ಧ ಕೆಲಸ ಮುಗಿದಂತೆ. ಪಿಯಾನೋವನ್ನು ಹೊರಗೋಡೆಯಿಂದಲೂ ಹೀಟರ್‌ನಿಂದಲೂ ದೂರ ಸರಿಸಿ. ಆಮೇಲೆ ಮೇಲಿನ ಹಲಗೆ ಬಿಚ್ಚಿ, ಸಿಕ್ಕಿಕೊಂಡ ಕೀಯನ್ನು ಬೆರಳಿಂದ ಎತ್ತಿ ನೋಡಿ. ಕೀಯೇ ಬಿಗಿಯಾಗಿದ್ದರೆ ಅದರ ಪಿನ್ನಿನ ಸುತ್ತಲಿನ ಫೆಲ್ಟ್ ಊದಿದೆ. ಕೀ ಸಲೀಸಾಗಿ ಆಡುತ್ತಿದ್ದು ತಂತಿಗೆ ಬಡಿಯುವ ಸುತ್ತಿಗೆ ತಂತಿಯ ಬಳಿಯೇ ನಿಂತಿದ್ದರೆ ತೊಂದರೆ ಸುತ್ತಿಗೆಯ ಕೀಲಿನಲ್ಲಿದೆ. ಎರಡಕ್ಕೂ ಎಣ್ಣೆ ಸ್ಪ್ರೇ ಮಾತ್ರ ಬೇಡ. ನಾನೊಮ್ಮೆ ಹೊಡೆದು, ಧೂಳು ಮೆತ್ತಿಕೊಂಡ ಫೆಲ್ಟನ್ನು ಒಂದೊಂದಾಗಿ ಕೆರೆದು ತೆಗೆದಿದ್ದೇನೆ.

ಶ್ರುತಿಯನ್ನು ಒಂದೇ ಸಲಕ್ಕೆ ಪೂರ್ತಿ ಏರಿಸಲು ಬಿಡಬೇಡಿ, ಹಳೇ ತಂತಿ ಕಡಿಯಬಹುದು. ತಂತಿ ಬಿಗಿಯುವ ಪಿನ್‌ಗಳು ಕೂತಿರುವ ಪಿನ್ ಹಲಗೆ ಬಿರುಕು ಬಿಟ್ಟಿದೆಯೋ ಇಲ್ಲವೋ ಇಲ್ಲಿಂದ ಹೇಳಲಾರೆ. ಶ್ರುತಿ ಮಾಡಿಸಿದ ವಾರದಲ್ಲೇ ಕೆಲವೇ ಸ್ವರಗಳು ಇಳಿದರೆ ಅನುಮಾನಪಡಿ.

ಪೂರ್ತಿ ದುರಸ್ತಿ ಬೇಕೇ ಎಂಬ ಪ್ರಶ್ನೆಗೆ: ಸೋಲ್ ಸಂಗೀತದ ಮೋಟೌನ್ ಕಂಪನಿಯ ನೆನಪಿಗಿರುವ ನಿಮ್ಮೂರಿನ ಮೋಟೌನ್ ಮ್ಯೂಸಿಯಂನ 1877ರ ಸ್ಟೈನ್‌ವೇ ಪಿಯಾನೋ 2011ರಲ್ಲಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕಣ್ಣಿಗೆ ಬಿದ್ದು, ದುರಸ್ತಿಯಾಗಿ, 2012ರಲ್ಲಿ ಮತ್ತೆ ನುಡಿಯಿತು. ಅದು ಗ್ರ್ಯಾಂಡ್ (ತಂತಿಗಳು ಅಡ್ಡ ಮಲಗಿರುವ ದೊಡ್ಡ ಪಿಯಾನೋ), ನುಡಿಸಲೆಂದೇ ದುರಸ್ತಿ ಮಾಡಿಸಿದ್ದು. ನಿಮ್ಮದು ನೋಡಲಿಕ್ಕಷ್ಟೇ ಆದರೆ ಸಿಗರೇಟಿನ ಸುಟ್ಟ ಕಲೆ, ಪೆನ್ಸಿಲ್ ಗೀಟು ಯಾವುದನ್ನೂ ಉಜ್ಜಿಸಬೇಡಿ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಬದಲಿಸಿದ ಪ್ರತಿ ಭಾಗವನ್ನೂ ಚೀಟಿ ಅಂಟಿಸಿ ಎತ್ತಿಡಿ.