ಎರಡನೇ ಮಹಾಯುದ್ಧದಲ್ಲಿ ನಾರ್ವೆಯ ರಾಜ ದೇಶ ಬಿಟ್ಟು ಓಡಿಹೋದನೇ?

ದೇಶ ಬಿಟ್ಟದ್ದು ನಿಜ, ಆದರೆ ಶರಣಾಗಲಿಲ್ಲ. ಆ ರಾಜ, ಏಳನೇ ಹಾಕೊನ್, ಹುಟ್ಟಿದ್ದು ಡೆನ್ಮಾರ್ಕಿನ ರಾಜಮನೆತನದಲ್ಲಿ. 1905ರಲ್ಲಿ ಸ್ವೀಡನ್ನಿನಿಂದ ಬೇರೆಯಾದ ನಾರ್ವೆ ಅವರನ್ನು ಸಿಂಹಾಸನಕ್ಕೆ ಕರೆದಾಗ, ಮೊದಲು ಜನಮತ ಕೇಳಿ ಎಂದು ಪಟ್ಟುಹಿಡಿದರು. ಜನ ಒಪ್ಪಿದ ಮೇಲೆಯೇ ಬಂದರು.

1940ರ ಏಪ್ರಿಲ್ 9ರ ನಸುಕಿನಲ್ಲಿ ಜರ್ಮನಿ ದಾಳಿ ಮಾಡಿತು. ಓಸ್ಲೋಗೆ ಬರುತ್ತಿದ್ದ ಬ್ಲೂಷರ್ ಯುದ್ಧನೌಕೆಯನ್ನು ಓಸ್ಕರ್ಸ್‌ಬೋರ್ಗ್ ಕೋಟೆಯ ಹಳೇ ಫಿರಂಗಿಗಳು, ಟಾರ್ಪಿಡೊಗಳು ಮುಳುಗಿಸಿದವು. ಇದರಿಂದ ಸಿಕ್ಕ ಕೆಲವು ಗಂಟೆಗಳಲ್ಲೇ ರಾಜ, ಸರ್ಕಾರ, ಸಂಸತ್ತು ರೈಲು ಹತ್ತಿ ಪಾರಾದರು.

ಮರುದಿನ ಎಲ್ವೆರುಮ್‌ನಲ್ಲಿ ಜರ್ಮನ್ ರಾಯಭಾರಿ ಬ್ರಾಯರ್ ರಾಜನನ್ನು ಭೇಟಿಯಾಗಿ, ನಾರ್ವೆಯ ನಾಜಿ ಪರ ನಾಯಕ ಕ್ವಿಸ್ಲಿಂಗ್‌ನನ್ನು ಪ್ರಧಾನಿ ಮಾಡಿ ಅಂದ. ನನ್ನ ಪ್ರಕಾರ ಇಡೀ ಕಥೆಯ ತಿರುವು ಇಲ್ಲೇ ಇದೆ. ನೀಬರ್ಗ್‌ಸುಂಡ್‌ನಲ್ಲಿ ಸೇರಿದ ಮಂತ್ರಿಗಳಿಗೆ ರಾಜ ಹೇಳಿದ್ದಿಷ್ಟು: ತೀರ್ಮಾನ ನಿಮ್ಮದು, ಆದರೆ ಒಪ್ಪುವುದಾದರೆ ನಾನು ಪಟ್ಟ ಬಿಡುತ್ತೇನೆ. ಅವರು ಆಜ್ಞೆ ಮಾಡಲಿಲ್ಲ, ಗಮನಿಸಿ. ಸರ್ಕಾರ ಅವರ ಜೊತೆ ನಿಂತಿತು. ಏಪ್ರಿಲ್ 11ರಂದು ಜರ್ಮನ್ ವಿಮಾನಗಳು ಆ ಪುಟ್ಟ ಊರಿನ ಮೇಲೇ ಬಾಂಬ್ ಹಾಕಿದವು. ರಾಜ ಕಾಡಿನಲ್ಲಿ, ಹಿಮದ ನಡುವೆ ಅಡಗಿ ಬದುಕಿದರು.

ಸುಮಾರು ಎರಡು ತಿಂಗಳು ದೇಶದೊಳಗೇ ಹೋರಾಟ ನಡೆಯಿತು. ಜೂನ್ 7ರಂದು ಟ್ರೋಮ್ಸೊದಿಂದ ಬ್ರಿಟಿಷ್ ನೌಕೆಯಲ್ಲಿ ಇಂಗ್ಲೆಂಡಿಗೆ ಹೊರಟರು. ಅಲ್ಲಿಂದ ಬಿಬಿಸಿ ರೇಡಿಯೊದಲ್ಲಿ ಮಾತಾಡುತ್ತಿದ್ದರು. ಇತ್ತ ನಾರ್ವೆಯಲ್ಲಿ ಜನ ಗೋಡೆಗಳ ಮೇಲೆ, ಹಿಮದ ಮೇಲೆ ಏಳನೇ ಹಾಕೊನ್ ಹೆಸರಿನ ಗುರುತಾಗಿ ಎಚ್ ಅಕ್ಷರದ ಜೊತೆ 7 ಬರೆಯುತ್ತಿದ್ದರು. 1942ರಲ್ಲಿ ಅವರ 70ನೇ ಹುಟ್ಟುಹಬ್ಬಕ್ಕೆ ಕೋಟಿಗೆ ಹೂ ಸಿಕ್ಕಿಸಿಕೊಂಡವರನ್ನೂ ಬಂಧಿಸಲಾಯಿತು, ಬರೀ ಹೂವಿಗೆ!

1945ರ ಜೂನ್ 7ರಂದು, ಸರಿಯಾಗಿ ಐದು ವರ್ಷಕ್ಕೆ, ಓಸ್ಲೋಗೆ ವಾಪಸಾದರು. 1957ರಲ್ಲಿ ತೀರಿಕೊಳ್ಳುವವರೆಗೂ ಅವರೇ ರಾಜ.