ಮಕ್ಕಳ ಕಾರಿನ ಸರದಿ: ಮೊದಲು ಕಾಗದದ ಮೇಲೆ

ಪ್ರಶ್ನೆ: ನಾವು ಆರು ಮನೆಯವರು ಸರದಿಯಂತೆ ಮಕ್ಕಳನ್ನು ಕಾರಿನಲ್ಲಿ ಶಾಲೆಗೆ ಬಿಡುತ್ತೇವೆ. ಇದಕ್ಕೊಂದು ಆ್ಯಪ್ ಮಾಡುತ್ತಿದ್ದೇನೆ. ಎಷ್ಟು ಜನರಿಂದ, ಹೇಗೆ ಪರೀಕ್ಷೆ ಮಾಡಿಸಲಿ?

ಉತ್ತರ: ಒಂದು ಸುತ್ತಿಗೆ ಐದು ಜನ ಸಾಕು. ಐವರನ್ನು ಗಮನಿಸಿದರೆ ಸುಮಾರು ಶೇ 85ರಷ್ಟು ತೊಡಕುಗಳು ಕಣ್ಣಿಗೆ ಬೀಳುತ್ತವೆ ಎಂಬುದು ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಕೊಟ್ಟ ಲೆಕ್ಕ. ಸರಿಪಡಿಸಿ, ಮತ್ತೆ ಬೇರೆ ಐವರ ಮುಂದಿಡಿ. ಅವರಲ್ಲಿ ಒಬ್ಬ ಅಜ್ಜಿಯೋ ತಾತನೋ ಖಂಡಿತ ಇರಲಿ.

ಕೋಡ್ ಬರೆಯುವ ಮೊದಲು ಪರದೆಗಳನ್ನು ಕಾಗದದ ಮೇಲೆ ಬಿಡಿಸಿ. ‘ಇಷ್ಟವಾಯಿತೇ?’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ‘ಬೆಳಿಗ್ಗೆ ಏಳು ಗಂಟೆ, ಮಗುವಿಗೆ ಜ್ವರ, ಇಂದಿನ ಸರದಿ ನಿಮ್ಮದೇ. ಏನು ಮಾಡುತ್ತೀರಿ?’ ಎಂದು ಹೇಳಿ ಸುಮ್ಮನೆ ಕುಳಿತುಕೊಳ್ಳಿ. ಇಂಥದ್ದೇ ಒಂದು ಆ್ಯಪ್‌ನ ಪರೀಕ್ಷೆಯಲ್ಲಿ ನಾನು ಹಾಗೆ ಕುಳಿತಿದ್ದಾಗ ಒಬ್ಬ ತಾಯಿ ‘ರದ್ದುಮಾಡಿ’ ಗುಂಡಿಯ ಹತ್ತಿರ ಬೆರಳು ತಂದು ಹಿಂದಕ್ಕೆ ತೆಗೆದುಕೊಂಡರು. ರದ್ದಾಗುವುದು ಮಗುವಿನ ಸೀಟೋ, ತಮ್ಮ ಸರದಿಯೋ ಎಂದು ಅವರಿಗೆ ತಿಳಿಯಲಿಲ್ಲ. ಅಂದೇ ಅದನ್ನು ಎರಡು ಗುಂಡಿಗಳಾಗಿ ಒಡೆದೆ: ‘ನನ್ನ ಮಗು ಬರುವುದಿಲ್ಲ’, ‘ನಾನು ಕಾರು ತರಲಾರೆ’.

ಮಕ್ಕಳ ಹೆಸರು, ಮನೆಯ ವಿಳಾಸ ಗುಂಪಿನ ಹೊರಗೆ ಕಾಣಲೇಬಾರದು. ಪರೀಕ್ಷೆಯಲ್ಲೂ ಕಲ್ಪಿತ ಹೆಸರುಗಳನ್ನೇ ಬಳಸಿ.