ವಿಕ್ಟೋರಿಯನ್ ಕಾದಂಬರಿಗಳನ್ನ ಬೋರಾಗದೆ ಓದೋದು ಹೇಗೆ?

ವಿಕ್ಟೋರಿಯನ್ ಕಾದಂಬರಿ, ಅಂದ್ರೆ ಹತ್ತೊಂಬತ್ತನೇ ಶತಮಾನದ ವಿಕ್ಟೋರಿಯಾ ರಾಣಿ ಕಾಲದ ಇಂಗ್ಲಿಷ್ ಕಾದಂಬರಿ ಹಿಡಿದ್ರೆ ಐವತ್ತು ಪುಟ ದಾಟೋಷ್ಟ್ರಲ್ಲಿ ನಿದ್ದೆ ಬರುತ್ತೆ ಅಂತೀರಾ? ನಂಗೂ ಹಾಗೇ ಆಗ್ತಿತ್ತು, ಆಮೇಲೆ ಗೊತ್ತಾಯ್ತು ಇವುಗಳಲ್ಲಿ ಸುಮಾರು ಪುಸ್ತಕ ಮೊದ್ಲು ಬಂದಿದ್ದೇ ಧಾರಾವಾಹಿ ಥರ ಅಂತ. ಆ ಕಾಲದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ವಾರ ವಾರ ಬಂತು, ಅವನದ್ದೇ 'ಬ್ಲೀಕ್ ಹೌಸ್' ತಿಂಗಳಿಗೊಂದು ಕಂತು, ಬೆಲೆ ಒಂದು ಶಿಲಿಂಗ್, ಮುಗಿಯೋಕೆ ಒಂದೂವರೆ ವರ್ಷ ಹಿಡೀತು. ಜನ ಒಂದೂವರೆ ವರ್ಷ ಓದಿದ್ದನ್ನ ನಾವು ಒಂದು ವೀಕೆಂಡಲ್ಲಿ ಮುಗಿಸ್ತೀವಿ ಅಂತ ಕೂತ್ರೆ ತಲೆ ಕೆಡದೆ ಇನ್ನೇನಾಗುತ್ತೆ! ದಿನಕ್ಕೆ ಎರಡು ಅಧ್ಯಾಯ ಸಾಕು.

ಇನ್ನೊಂದು, ಕಥೆ ಎಲ್ಲಿಗೆ ಹೋಗುತ್ತೆ ಅಂತ ಓಡಬೇಡಿ, ಸಣ್ಣ ಸಣ್ಣ ಸೀನ್ ನೋಡಿ. ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್‌ನಲ್ಲಿ ಕಮ್ಮಾರ ಜೋ, ತಾನು ಸಾಕಿದ ಹುಡುಗ ಪಿಪ್‌ನ ನೋಡೋಕೆ ಲಂಡನ್ನಿಗೆ ಬರ್ತಾನೆ. ಪಿಪ್ ಈಗ ದುಡ್ಡಿರೋ ಜಂಟಲ್‌ಮನ್. ಜೋಗೆ ತನ್ನ ಟೋಪಿ ಎಲ್ಲಿಡ್ಬೇಕು ಅಂತಾನೇ ಗೊತ್ತಾಗಲ್ಲ, ಬೆಂಕಿಗೂಡಿನ ಮೇಲಿನ ಕಟ್ಟೆ ತುದೀಲಿ ಇಡ್ತಾನೆ, ಅದು ಬೀಳುತ್ತೆ, ಹಿಡೀತಾನೆ, ಮತ್ತೆ ಬೀಳುತ್ತೆ, ಮಧ್ಯೆ ಮಧ್ಯೆ ಪಿಪ್‌ಗೇ 'ಸರ್' ಅಂತಾನೆ. ನಗು ಬರುತ್ತೆ, ಆದ್ರೆ ಹೊಟ್ಟೇಲಿ ಏನೋ ಒಂಥರಾ ಸಂಕಟ. ಪಿಪ್‌ಗೆ ಅವನನ್ನ ಕಂಡು ನಾಚಿಕೆ ಆಗ್ತಿರೋದು ನಮಗೆ ಗೊತ್ತಲ್ಲ, ಅದಕ್ಕೆ.

ಸುಲಭವಾಗಿ ಶುರು ಮಾಡ್ಬೇಕು ಅಂದ್ರೆ ಷಾರ್ಲೆಟ್ ಬ್ರಾಂಟೆಯ 'ಜೇನ್ ಏರ್' ಹಿಡೀರಿ, 1847ರದ್ದು, ನಾಯಕಿ ಜೇನ್ ತಾನೇ ನಮ್ಮ ಹತ್ರ ಮಾತಾಡ್ತಾಳೆ, ಸರಾಗವಾಗಿ ಹೋಗುತ್ತೆ. ಬ್ಲೀಕ್ ಹೌಸ್‌ನ ಮಾತ್ರ ಮೊದಲನೇದಾಗಿ ತಗೋಬೇಡಿ ಮಾರಾಯ್ರೇ, ಆರಂಭದಲ್ಲಿ ಬರೋ ಲಂಡನ್ ಮಂಜಿನ ವರ್ಣನೆಯಲ್ಲೇ ಕಳೆದುಹೋಗ್ತೀರ.